ಕಣಗಿಲೆ ಕಷಾಯದಿಂದ ನಾಡಿ ಸರಿಯಾಯಿತು ಅಂದರೆ ನಂಬಬಹುದಾ?

ಪ್ರಶ್ನೆ: ನಮ್ಮ ಮಾವನವರಿಗೆ 72 ವರ್ಷ. ಬದಿಯಡ್ಕ ಹತ್ತಿರ ಅಡಿಕೆ ತೋಟ ಇದೆ. ಹೃದಯದ ಬಡಿತ ಏರುಪೇರು, ಹೃದಯ ವೀಕ್ ಅಂತ ಮಂಗಳೂರಿನಲ್ಲಿ ತೋರಿಸುತ್ತಿದ್ದೇವೆ. ಡಿಜಾಕ್ಸಿನ್ ಮಾತ್ರೆ ವಾರಕ್ಕೆ ಐದು ದಿನ, ಮೂತ್ರ ಹೋಗುವ ಮಾತ್ರೆ ಮತ್ತು ರಕ್ತ ತೆಳುವಾಗುವ ಮಾತ್ರೆ ದಿನಾ ಇದೆ. ಪರಿಚಯದವರೊಬ್ಬರು ಕಣಗಿಲೆ ಬೇರಿನ ಕಷಾಯ ಹೃದಯಕ್ಕೆ ಒಳ್ಳೆಯದು ಅಂದರು. ಮಾವ ಎರಡು ವಾರದಿಂದ ಅಂಗಳದ ಗಿಡದ ಬೇರು ತೆಗೆದು ಕುಡಿಯುತ್ತಿದ್ದಾರೆ. ಕಾಲಿನ ಬಾವು ಇಳಿದಿದೆ. ಮೊದಲು ತಪ್ಪಿ ತಪ್ಪಿ ಬಡಿಯುತ್ತಿದ್ದ ನಾಡಿ ಈಗ ಒಂದೇ ಸಮ ಬಡಿಯುತ್ತದೆ. ಆದರೆ ನಾಲ್ಕು ದಿನದಿಂದ ಊಟ ಸೇರುವುದಿಲ್ಲ, ವಾಂತಿ ಬಂದ ಹಾಗೆ ಆಗುತ್ತದೆ, ಟ್ಯೂಬ್‌ಲೈಟಿನ ಸುತ್ತ ಹಳದಿ ಬಳೆ ಕಾಣುತ್ತದೆ ಅಂತಾರೆ. ಪಿತ್ತ ಅಂತ ಅವರೇ ತೀರ್ಮಾನ ಮಾಡಿದ್ದಾರೆ. ಡಿಜಾಕ್ಸಿನ್ ಗಿಡದಿಂದಲೇ ಮಾಡುವುದಂತೆ, ಹೌದಾ? ಹಾಗಾದರೆ ಗಿಡವನ್ನೇ ಕುಡಿದರೆ ತಪ್ಪೇನು? ನೀರುಮತ್ತಿ ತೊಗಟೆ ಕೊಡಬಹುದಾ? ಅಂಗಳದ ಗಿಡ ಕಡಿಸಬೇಕಾ? ಫೋಟೋ ಕಳಿಸಿದ್ದೇನೆ.

ಉತ್ತರ: ನಿಮ್ಮ ಪತ್ರ ಓದಿದ ಕೂಡಲೇ ಫೋನ್ ಮಾಡಿ, ಅವತ್ತೇ ಇಸಿಜಿ ಮಾಡಿಸಿ ಅಂದಿದ್ದೆ. ಇಂಥ ವಿಷಯ ಅಂಕಣದ ಸರದಿ ಬರುವ ತನಕ ಕಾಯುವಂಥದ್ದಲ್ಲ. ಇಸಿಜಿಯಲ್ಲಿ ಬಡಿತ ನಿಮಿಷಕ್ಕೆ 44 ಇತ್ತು. ಮಾವನವರನ್ನು ಸೇರಿಸಿಕೊಂಡು, ಡಿಜಾಕ್ಸಿನ್ ಮತ್ತು ಕಷಾಯ ಎರಡನ್ನೂ ನಿಲ್ಲಿಸಿ ನೋಡಿಕೊಂಡರು, ಈಗ ಮನೆಗೆ ಬಂದಿದ್ದಾರೆ ಅಂತ ನೀವೇ ತಿಳಿಸಿದಿರಿ. ಸಂತೋಷ. ನಿಮ್ಮ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಇದೇ ಕಷಾಯ ಕುದಿಯುವ ಒಲೆಗಳು ನಮ್ಮ ಕಡೆ ಇನ್ನೂ ಇವೆ.

ಮೊದಲಿಗೆ ಮಾವನವರ ಪರವಾಗಿ ಒಂದು ಮಾತು. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಕಾಲಿನ ಬಾವು ಇಳಿದದ್ದು ನಿಜ ಇರಬಹುದು. ನಾಡಿ ಒಂದೇ ಸಮ ಆದದ್ದೂ ನಿಜ. ಕಣಗಿಲೆ ಕೆಲಸಕ್ಕೆ ಬಾರದ ಗಿಡ ಅಂತ ನಾನು ಹೇಳಿದರೆ ಅವರು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಅದು ಕೆಲಸ ಮಾಡುತ್ತದೆ. ಹೃದಯದ ಮೇಲೆ ನೇರವಾಗಿ, ಬಲವಾಗಿ ಮಾಡುತ್ತದೆ. ನನ್ನ ತಕರಾರು ಇರುವುದು ಅಲ್ಲಿಯೇ.

ಈಗ ಆ "ಸರಿಯಾದ" ನಾಡಿಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಮಾವನವರಿಗೆ ಇರುವುದು ಏಟ್ರಿಯಲ್ ಫಿಬ್ರಿಲೇಶನ್. ಹೃದಯದ ಮೇಲಿನ ಕೋಣೆಗಳು ಲಯ ಬಿಟ್ಟು ನಡುಗುತ್ತಿರುತ್ತವೆ. ಅಲ್ಲಿಂದ ಬರುವ ನೂರಾರು ಸಂದೇಶಗಳಲ್ಲಿ ಕೆಲವು ಮಾತ್ರ ನಡುವಿನ ಒಂದು ಗಂಟನ್ನು ದಾಟಿ ಕೆಳಗಿನ ಕೋಣೆಗಳಿಗೆ ಹೋಗುತ್ತವೆ. ಆ ಗಂಟಿಗೆ ಎವಿ ನೋಡ್ ಅಂತ ಹೆಸರು. ಯಾವುದು ದಾಟುತ್ತದೆ, ಯಾವುದು ನಿಲ್ಲುತ್ತದೆ ಅನ್ನುವುದಕ್ಕೆ ಕ್ರಮ ಇಲ್ಲ. ಹಾಗಾಗಿ ನಾಡಿ ತಪ್ಪಿ ತಪ್ಪಿ ಬಡಿಯುತ್ತದೆ. ಡಿಜಾಕ್ಸಿನ್ ಕೊಡುವುದು ಆ ಗಂಟಿನ ವೇಗ ತಗ್ಗಿಸಲಿಕ್ಕೆ. ಮದ್ದು ಹದವಾಗಿದ್ದರೆ ನಾಡಿ ನಿಧಾನ ಆಗುತ್ತದೆ, ಆದರೆ ಏರುಪೇರು ಹಾಗೇ ಇರುತ್ತದೆ. ಮದ್ದು ಜಾಸ್ತಿ ಆದರೆ ಗಂಟು ಪೂರ್ತಿ ಮುಚ್ಚಿಕೊಳ್ಳುತ್ತದೆ. ಮೇಲಿನಿಂದ ಒಂದು ಸಂದೇಶವೂ ಕೆಳಗೆ ಬರುವುದಿಲ್ಲ. ಆಗ ಕೆಳಗಿನ ಭಾಗ ತನ್ನಷ್ಟಕ್ಕೆ ತಾನು ನಿಮಿಷಕ್ಕೆ ನಲವತ್ತೋ ಐವತ್ತೋ ಸಲ ಬಡಿಯಲು ಶುರು ಮಾಡುತ್ತದೆ. ಆ ಬಡಿತಕ್ಕೆ ಯಾರ ತೊಂದರೆಯೂ ಇಲ್ಲವಲ್ಲ, ಆದ್ದರಿಂದ ಅದು ಗಡಿಯಾರ ಇಟ್ಟ ಹಾಗೆ ಸಮವಾಗಿ ಬಡಿಯುತ್ತದೆ. ಕೈ ಹಿಡಿದು ನೋಡಿದವರಿಗೆ ವಾಸಿಯಾಯಿತು ಅನ್ನಿಸುತ್ತದೆ. ಏಟ್ರಿಯಲ್ ಫಿಬ್ರಿಲೇಶನ್ ಇರುವವರು ಡಿಜಾಕ್ಸಿನ್ ತೆಗೆದುಕೊಳ್ಳುತ್ತಿದ್ದು, ಅವರ ನಾಡಿ ಇದ್ದಕ್ಕಿದ್ದ ಹಾಗೆ ನಿಧಾನವೂ ಸಮವೂ ಆಯಿತು ಅಂದರೆ ನಾವು ಮೊದಲು ಶಂಕಿಸುವುದು ಮದ್ದಿನ ವಿಷವನ್ನೇ.

ಅದಕ್ಕೆ ಊಟ ಸೇರದಿರುವುದು, ವಾಕರಿಕೆ, ದೀಪದ ಸುತ್ತ ಹಳದಿ ಬಳೆ ಸೇರಿದರೆ ಮತ್ತೆ ಕೇಳಬೇಕಾದದ್ದೇ ಇಲ್ಲ. ಹಳದಿ ಕಾಣುವುದು ಪಿತ್ತದಿಂದಲ್ಲ. ಕಣ್ಣಿನ ಒಳಪರದೆಯಲ್ಲಿಯೂ ಇದೇ ಪದಾರ್ಥ ಕೆಲಸ ಕೆಡಿಸುತ್ತದೆ. ಡಿಜಾಕ್ಸಿನ್ ತೆಗೆದುಕೊಳ್ಳುವವರ ಮನೆಯವರು ಈ ಮೂರನ್ನು ನೆನಪಿಟ್ಟುಕೊಳ್ಳಿ: ಊಟ ಬೇಡ ಅನ್ನುವುದು, ಹಳದಿ ಅಥವಾ ಮಂಜು ಮಂಜಾಗಿ ಕಾಣುವುದು, ನಾಡಿ 50ಕ್ಕಿಂತ ಕೆಳಗೆ ಇಳಿಯುವುದು. ವಯಸ್ಸಾದವರಲ್ಲಿ ಕೆಲವು ಸಲ ಸುಮ್ನೆ ಮಂಕು ಕವಿದ ಹಾಗೆ ಕೂತುಬಿಡುವುದೇ ಮೊದಲ ಸೂಚನೆ. ಪ್ರಾಯ ಆಯಿತಲ್ಲ ಅಂತ ಬಿಟ್ಟುಬಿಡುತ್ತೇವೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಡಿಜಾಕ್ಸಿನ್ ಗಿಡದಿಂದ ಬಂದದ್ದು, ಹೌದು. ಇಂದಿಗೂ ಡಿಜಿಟಾಲಿಸ್ ಲನಾಟಾ ಅನ್ನುವ ಯುರೋಪಿನ ಗಿಡದ ಎಲೆಯಿಂದಲೇ ತೆಗೆಯುತ್ತಾರೆ. ಅದರ ಅಕ್ಕನಂಥ ಇನ್ನೊಂದು ಗಿಡ ಫಾಕ್ಸ್‌ಗ್ಲೋವ್. 1785ರಲ್ಲಿ ಇಂಗ್ಲೆಂಡಿನ ವಿಲಿಯಂ ವಿದರಿಂಗ್ ಅನ್ನುವ ವೈದ್ಯರು ಅದರ ಬಗ್ಗೆ ಒಂದು ಪುಸ್ತಕ ಬರೆದರು. ಮೈ ಬಾತವರಿಗೆ ಹಳ್ಳಿಯ ಹೆಂಗಸೊಬ್ಬಳು ಕೊಡುತ್ತಿದ್ದ ಬೇರುನಾರಿನ ಕಷಾಯದಲ್ಲಿ ಕೆಲಸ ಮಾಡುತ್ತಿದ್ದದ್ದು ಈ ಎಲೆ ಅಂತ ಅವರು ಕಂಡುಕೊಂಡಿದ್ದರು. ಅಂದರೆ ಶುರುವಾದದ್ದು ನಮ್ಮ ಊರಿನ ಹಾಗೆ ಹಳ್ಳಿ ಮದ್ದಿನಿಂದಲೇ. ಆದರೆ ಆ ಪುಸ್ತಕದ ತುಂಬ ಇರುವುದು ಅಳತೆಯ ತಲೆಬಿಸಿ. 163 ರೋಗಿಗಳ ವಿವರ ಇದೆ. ಬೇರಿನ ಬಲ ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತದೆ, ಕುದಿಸಿದ ಕಷಾಯದ ಬಲ ಒಂದೇ ಸಮ ಇರುವುದಿಲ್ಲ ಅಂತ ಅವರಿಗೆ ಗೊತ್ತಾಯಿತು. ಕೊನೆಗೆ ಹೂ ಬರುವ ಹೊತ್ತಿನ ಎಲೆ ಕೊಯ್ದು, ಒಣಗಿಸಿ, ಪುಡಿ ಮಾಡಿ, ತೂಕ ಮಾಡಿ ಕೊಡುವುದಕ್ಕೆ ಬಂದು ನಿಂತರು. ಜಾಸ್ತಿ ಆದಾಗ ವಾಂತಿ, ಹಳದಿ ಹಸಿರು ಕಾಣುವುದು, ನಾಡಿ ನಿಧಾನ ಆಗುವುದು, ಸಾವು ಎಲ್ಲವನ್ನೂ ಅವರೇ ಬರೆದಿಟ್ಟಿದ್ದಾರೆ.

ಆಮೇಲೆ ನೂರಕ್ಕೂ ಹೆಚ್ಚು ವರ್ಷ ಈ ಎಲೆಯ ಪುಡಿಯನ್ನೇ ಕೊಟ್ಟರು. ಒಂದು ಚೀಲದ ಎಲೆಯ ಹಾಗೆ ಇನ್ನೊಂದು ಚೀಲದ್ದು ಇರುವುದಿಲ್ಲವಲ್ಲ, ಅದಕ್ಕೆ ಪ್ರತಿ ಸಲವೂ ಕಪ್ಪೆ, ಬೆಕ್ಕು, ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ಬಲ ನೋಡುತ್ತಿದ್ದರು. 1930ರಲ್ಲಿ ಸಿಡ್ನಿ ಸ್ಮಿತ್ ಅನ್ನುವ ರಸಾಯನ ತಜ್ಞರು ಶುದ್ಧ ಡಿಜಾಕ್ಸಿನ್ ಬೇರೆ ಮಾಡಿದ ಮೇಲೆ ಈ ರಗಳೆ ಮುಗಿಯಿತು. ಮಾತ್ರೆಗೂ ಎಲೆಗೂ ವ್ಯತ್ಯಾಸ ಇಷ್ಟೇ. ಒಂದರಲ್ಲಿ ಎಷ್ಟಿದೆ ಅಂತ ಗೊತ್ತು, ಇನ್ನೊಂದರಲ್ಲಿ ಗೊತ್ತಿಲ್ಲ.

ಅಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟು ಗಲಾಟೆ ಯಾಕೆ ಅನ್ನಬಹುದು. ಅಂಕಿ ನೋಡಿ. ಒಂದು ಡಿಜಾಕ್ಸಿನ್ ಮಾತ್ರೆಯಲ್ಲಿ ಸಾಮಾನ್ಯವಾಗಿ ಇರುವುದು 0.25 ಮಿಲಿಗ್ರಾಂ, ಅಂದರೆ ಒಂದು ಗ್ರಾಮಿನ ನಾಲ್ಕು ಸಾವಿರದಲ್ಲಿ ಒಂದು ಪಾಲು. ವಯಸ್ಸಾದವರಿಗೆ ಹೆಚ್ಚಿನ ಸಲ ಅದರ ಅರ್ಧವನ್ನೇ ಕೊಡುವುದು. ಹೃದಯ ದುರ್ಬಲ ಇರುವವರ ರಕ್ತದಲ್ಲಿ ಪ್ರತಿ ಮಿಲಿಲೀಟರಿಗೆ 0.5ರಿಂದ 0.9 ನ್ಯಾನೋಗ್ರಾಂ ಇರಬೇಕು ಅಂತ ನೋಡುತ್ತೇವೆ. 2 ದಾಟಿದರೆ ವಿಷದ ಲಕ್ಷಣ ಸಾಮಾನ್ಯ. ಪೊಟ್ಯಾಸಿಯಂ ಕಡಿಮೆ ಇದ್ದವರಿಗೆ ಅದಕ್ಕಿಂತ ಕೆಳಗೂ ಬರಬಹುದು. ಗುಣಕ್ಕೂ ವಿಷಕ್ಕೂ ನಡುವೆ ಇರುವ ಜಾಗ ಅಷ್ಟೇ. ನಿಮ್ಮ ಮಾವ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡಿಸುವಾಗ ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್ ಅಂತ ಲೆಕ್ಕ ಹಾಕಿಯೇ ಬಿಡಿಸುತ್ತಾರೆ. ಕಣ್ಣಂದಾಜಿನಲ್ಲಿ ತುತ್ತು ಸುರಿದು ಅಡಿಕೆ ಗೊನೆ ಸುಡಲು ಅವರು ಬಿಡುವವರಲ್ಲ. ಅಡಿಕೆಗೆ ಇರುವ ಈ ಜಾಗ್ರತೆ ಎದೆಗೂ ಬೇಕಲ್ವಾ ಮಾರಾಯ್ರೆ!

ಕಣಗಿಲೆಯಲ್ಲಿ ಇರುವುದು ಡಿಜಾಕ್ಸಿನ್ ಅಲ್ಲ, ಅದೇ ಕುಟುಂಬದ ಓಲಿಯಾಂಡ್ರಿನ್ ಮತ್ತು ಅದರ ಬಳಗ. ಇವಕ್ಕೆಲ್ಲ ಒಟ್ಟಾಗಿ ಕಾರ್ಡಿಯಾಕ್ ಗ್ಲೈಕೋಸೈಡ್ ಅಂತ ಹೆಸರು. ಎಲ್ಲವೂ ಹಿಡಿಯುವುದು ಒಂದೇ ಜಾಗ. ನಮ್ಮ ಪ್ರತಿ ಜೀವಕೋಶದ ಗೋಡೆಯಲ್ಲಿ ಒಂದು ಪಂಪು ಇದೆ. ಮೂರು ಸೋಡಿಯಂ ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಒಳಗೆ ತರುತ್ತದೆ. ಇದನ್ನು 1957ರಲ್ಲಿ ತೋರಿಸಿಕೊಟ್ಟ ಡೆನ್ಮಾರ್ಕಿನ ಯೆನ್ಸ್ ಸ್ಕೌ ಅವರಿಗೆ 1997ರಲ್ಲಿ ನೊಬೆಲ್ ಬಂತು. ಗ್ಲೈಕೋಸೈಡ್ ಈ ಪಂಪಿಗೆ ಅಂಟಿಕೊಂಡು ಅದನ್ನು ನಿಲ್ಲಿಸುತ್ತದೆ. ಒಳಗೆ ಸೋಡಿಯಂ ಕೂಡುತ್ತದೆ. ಸೋಡಿಯಂ ಕೂಡಿದರೆ ಕ್ಯಾಲ್ಸಿಯಂ ಹೊರಗೆ ಹೋಗಲು ದಾರಿ ಕಡಿಮೆ, ಅದೂ ಕೂಡುತ್ತದೆ. ಕ್ಯಾಲ್ಸಿಯಂ ಇದ್ದಷ್ಟೂ ಹೃದಯದ ಸ್ನಾಯು ಗಟ್ಟಿಯಾಗಿ ಹಿಂಡುತ್ತದೆ. ಕೆಲವು ಪಂಪು ನಿಂತರೆ ಇದು ಮದ್ದು. ಬಹಳಷ್ಟು ನಿಂತರೆ ಕೂಡಿಕೊಂಡ ಕ್ಯಾಲ್ಸಿಯಂ ಬೇಡದ ಹೊತ್ತಿನಲ್ಲಿ ಬಡಿತ ಹುಟ್ಟಿಸುತ್ತದೆ, ಪೊಟ್ಯಾಸಿಯಂ ರಕ್ತದಲ್ಲಿ ಏರುತ್ತದೆ, ಎವಿ ನೋಡ್ ಮುಚ್ಚುತ್ತದೆ. ಒಂದು ಕಡೆ ತೀರಾ ನಿಧಾನ, ಇನ್ನೊಂದು ಕಡೆ ಹುಚ್ಚು ವೇಗ. ಎರಡೂ ಒಬ್ಬರಲ್ಲೇ ಗಂಟೆಯೊಳಗೆ ಬರಬಹುದು.

ಹಾಗಾಗಿ ಮಾತ್ರೆಯನ್ನೂ ಕಷಾಯವನ್ನೂ ಒಟ್ಟಿಗೆ ತೆಗೆದುಕೊಂಡರೆ ಎರಡು ಬೇರೆ ಮದ್ದು ತೆಗೆದುಕೊಂಡ ಹಾಗೆ ಅಲ್ಲ. ಒಂದೇ ಮದ್ದನ್ನು ಎರಡು ಸಲ, ಎರಡನೇ ಸಲ ಅಳತೆ ಇಲ್ಲದೆ ತೆಗೆದುಕೊಂಡ ಹಾಗೆ. ಡಿಜಾಕ್ಸಿನ್ ಮೈಯಿಂದ ಅರ್ಧ ಹೋಗಲಿಕ್ಕೆ, ಕಿಡ್ನಿ ಚೆನ್ನಾಗಿದ್ದರೂ, ಒಂದೂವರೆ ದಿನ ಬೇಕು. ಕಿಡ್ನಿ ಸೋತವರಲ್ಲಿ ನಾಲ್ಕೈದು ದಿನಕ್ಕೂ ಹೋಗುತ್ತದೆ. ಇವತ್ತಿನದು ಪೂರ್ತಿ ಹೋಗುವ ಮೊದಲೇ ನಾಳೆಯದು ಬಂದು ಸೇರುತ್ತದೆ. ನಮ್ಮಲ್ಲಿ ಕೆಲವು ಡಾಕ್ಟ್ರು ವಾರಕ್ಕೆ ಎರಡು ದಿನ ಮಾತ್ರೆಗೆ ರಜೆ ಕೊಡುವುದು ಇದು ಕೂಡಿಕೊಳ್ಳಬಾರದು ಅಂತಲೇ. ಆ ಎರಡು ದಿನ ಮಾವ ಕಷಾಯ ಕುಡಿದಿದ್ದರೆ ರಜೆಗೆ ಏನು ಅರ್ಥ ಉಳಿಯಿತು?

ಇನ್ನೊಂದು ತೊಡಕು ಪ್ರಯೋಗಶಾಲೆಯಲ್ಲಿ ಬರುತ್ತದೆ. ರಕ್ತದಲ್ಲಿ ಡಿಜಾಕ್ಸಿನ್ ಎಷ್ಟಿದೆ ಅಂತ ನೋಡುವ ಟೆಸ್ಟು ಓಲಿಯಾಂಡ್ರಿನ್ ಕಂಡರೂ ಸ್ವಲ್ಪ ಮಟ್ಟಿಗೆ ಡಿಜಾಕ್ಸಿನ್ ಅಂದುಕೊಂಡು ಲೆಕ್ಕ ಕೊಡುತ್ತದೆ. ಪೂರ್ತಿ ಲೆಕ್ಕ ಕೊಡುವುದಿಲ್ಲ. ಹಾಗಾಗಿ ಕಷಾಯ ಕುಡಿದವರ ರಿಪೋರ್ಟಿನಲ್ಲಿ ಅಂಕಿ ಚಿಕ್ಕದಾಗಿದ್ದರೂ ವಿಷ ದೊಡ್ಡದಿರಬಹುದು. ಡಾಕ್ಟ್ರಿಗೆ ಕಷಾಯದ ವಿಷಯ ಗೊತ್ತಿದ್ದರೆ ಮಾತ್ರ ಆ ಅಂಕಿಯನ್ನು ಹೇಗೆ ಓದಬೇಕು ಅಂತ ತಿಳಿಯುತ್ತದೆ. ನಾಟಿ ಮದ್ದು ಅಂದರೆ ಬೈಯುತ್ತಾರೆ ಅಂತ ಮುಚ್ಚಿಡುವವರು ಬಹಳ. ಬೈದರೂ ಬೈಸಿಕೊಂಡು ಹೇಳಿ.

ಮಾವನವರಿಗೆ ಬಹುಶಃ ಈ ಮಾತು ಹೆಚ್ಚು ನಾಟಬಹುದು. ಆಯುರ್ವೇದವೂ ಕಣಗಿಲೆಯನ್ನು ಸುಮ್ನೆ ಕುದಿಸಿ ಕುಡಿ ಅಂದಿಲ್ಲ. ಕರವೀರ ಅಂತ ಅದನ್ನು ಉಪವಿಷಗಳ ಸಾಲಿನಲ್ಲಿ ಇಟ್ಟಿದೆ. ಹಸುವಿನ ಹಾಲಿನಲ್ಲಿ ಶೋಧನೆ ಮಾಡದೆ ಬಳಸಬಾರದು ಅನ್ನುತ್ತದೆ. ನಮ್ಮ ದೇಶದ ಔಷಧ ನಿಯಮಗಳಲ್ಲಿಯೂ ವಿಷದ ಗಿಡಗಳ ಒಂದು ಪಟ್ಟಿ ಇದೆ. ಕರವೀರವೂ ಎಕ್ಕವೂ ಅದರಲ್ಲಿವೆ. ಅವು ಸೇರಿದ ಆಯುರ್ವೇದ ಮದ್ದಿನ ಮೇಲೆ ವೈದ್ಯರ ನಿಗಾದಲ್ಲೇ ತೆಗೆದುಕೊಳ್ಳಬೇಕು ಅಂತ ಬರೆದಿರಬೇಕು. ಪಂಡಿತರು ವಿಷ ಅಂದದ್ದನ್ನು ಪಕ್ಕದ ಮನೆಯವರು ಟಾನಿಕ್ ಅಂದರೆ ಯಾರ ಮಾತು ಕೇಳಬೇಕು? ಕುದಿಸಿದರೆ ವಿಷ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಅದೂ ತಪ್ಪು. ಕುದಿಸಿದರೂ ಒಣಗಿಸಿದರೂ ಈ ಪದಾರ್ಥ ಉಳಿಯುತ್ತದೆ.

ನಿಮ್ಮ ಫೋಟೋ ನೋಡಿದೆ. ಗೆಲ್ಲಿನ ಒಂದೊಂದು ಗಿಣ್ಣಿನಲ್ಲಿ ಮೂರು ಮೂರು ಎಲೆ, ಉದ್ದ, ಗಡುಸು, ನಡುವೆ ದಪ್ಪ ನರ, ಗುಲಾಬಿ ಹೂ. ಇದು ಸರಿಯಾದ ಕಣಗಿಲೆಯೇ. ಹೆದ್ದಾರಿಯ ನಡುವೆ ಸಾಲಾಗಿ ನೆಡುವುದೂ ಇದನ್ನೇ. ಹಳದಿ ಕಣಗಿಲೆ ಬೇರೆ ಗಿಡ. ಅದರ ಎಲೆ ಇನ್ನೂ ತೆಳ್ಳಗೆ, ಒಂದೊಂದಾಗಿ ಸುತ್ತಲೂ ಬರುತ್ತದೆ. ಹೂ ಗಂಟೆಯ ಆಕಾರ. ಕಾಯಿ ಹಸಿರು, ಮೂಲೆ ಮೂಲೆಯಾಗಿ, ಕಿತ್ತರೆ ಬಿಳಿ ಹಾಲು ಸುರಿಯುತ್ತದೆ. ಒಳಗಿನ ಗಟ್ಟಿ ಓಟೆ ಹಿಡಿದು ಮಕ್ಕಳು ಆಡುತ್ತಾರೆ. ಆಡಲು ಬಿಡಬೇಡಿ, ಇದರ ಬೀಜ ಕಣಗಿಲೆಗಿಂತಲೂ ಕೆಟ್ಟದ್ದು.

ಗಡಿಯ ಈಚೆ, ಕೇರಳದ ಕಾಸರಗೋಡಿನಲ್ಲಿ ಇರುವ ನಮಗೆ ಹೆಸರಿನದೂ ಒಂದು ಉಪದ್ರ ಇದೆ. ಮಲಯಾಳದಲ್ಲಿ ಅರಳಿ ಅಂದರೆ ಕಣಗಿಲೆ. ಕನ್ನಡದಲ್ಲಿ ಅರಳಿ ಅಂದರೆ ಅಶ್ವತ್ಥ. ಕಾಞಂಗಾಡಿನ ಆಸ್ಪತ್ರೆಯಲ್ಲಿ "ಅರಳಿ" ಅಂದರೆ ವಿಷ ಅಂತ ಓಡಿ ಬರುತ್ತಾರೆ, ಮಂಗಳೂರಿನಲ್ಲಿ ಅದೇ ಮಾತು ಹೇಳಿದರೆ ಅಶ್ವತ್ಥದ ಎಲೆಯಾ ಅಂತ ಕೇಳಬಹುದು. ಆದ್ದರಿಂದ ಹೆಸರನ್ನು ನಂಬಬೇಡಿ. ಒಂದು ಗೆಲ್ಲು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಒಯ್ಯಿರಿ, ಇಲ್ಲವೇ ಫೋಟೋ ತೋರಿಸಿ.

ಕೇರಳದಲ್ಲಿ 2024ರಲ್ಲಿ ಒಬ್ಬ ಯುವತಿ ತೀರಿಕೊಂಡಾಗ, ಅವಳು ಅರಿಯದೆ ಅರಳಿಯ ಎಲೆ, ಹೂ ಅಗಿದದ್ದೇ ಕಾರಣ ಇರಬಹುದು ಅನ್ನುವ ಶಂಕೆ ಬಂತು. ಅದೇ ಮೇ ತಿಂಗಳಲ್ಲಿ ತಿರುವಾಂಕೂರು ದೇವಸ್ವಂ ಬೋರ್ಡು, ಮಲಬಾರ್ ದೇವಸ್ವಂ ಬೋರ್ಡು ಎರಡೂ ನೈವೇದ್ಯ, ಪ್ರಸಾದದಲ್ಲಿ ಅರಳಿ ಹೂ ಬೇಡ ಅಂದವು. ಮಲಬಾರ್ ಬೋರ್ಡಿನ ವ್ಯಾಪ್ತಿಯಲ್ಲಿ ನಮ್ಮ ಜಿಲ್ಲೆಯೂ ಬರುತ್ತದೆ. ಮಾಲೆಗೆ, ಅರ್ಚನೆಗೆ ಹೂ ಇಟ್ಟರೆ ದೋಷ ಇಲ್ಲ. ಪ್ರಸಾದದ ಜೊತೆ ಬಂದ ಹೂವನ್ನು ಬಾಯಿಗೆ ಹಾಕಿಕೊಳ್ಳುವ ಅಭ್ಯಾಸ ಇದ್ದವರು ಅದನ್ನು ಬಿಡಬೇಕು.

ಕಣಗಿಲೆ ಬಿಟ್ಟರೆ ಇನ್ನು ಯಾವುದೆಲ್ಲ ಅಂತ ನೀವು ಕೇಳಲಿಲ್ಲ. ಆದರೂ ಹೇಳಿಬಿಡುತ್ತೇನೆ, ಯಾಕೆಂದರೆ ಮಾವ ಇದು ಬಿಟ್ಟು ಇನ್ನೊಂದನ್ನು ಹಿಡಿಯುವ ಜಾತಿಯವರ ಹಾಗೆ ಕಾಣುತ್ತಾರೆ. ಎಕ್ಕದಲ್ಲಿ ಇದೇ ಬಗೆಯ ಪದಾರ್ಥ ಇದೆ. ರಥಸಪ್ತಮಿಗೆ ಎಲೆ ಇಟ್ಟು ಮೀಯುವುದಕ್ಕೆ, ಮಂಡಿ ನೋವಿಗೆ ಎಲೆ ಬಿಸಿ ಮಾಡಿ ಕಟ್ಟುವುದಕ್ಕೆ ನನ್ನ ಅಡ್ಡಿ ಇಲ್ಲ. ಹಾಲು ಕಣ್ಣಿಗೆ ಬೀಳಬಾರದು, ಯಾವ ಭಾಗವೂ ಹೊಟ್ಟೆಗೆ ಹೋಗಬಾರದು. ಎಕ್ಕದ ಎಲೆ ಮೇಯುವ ಹುಳುವೊಂದು ಈ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಂಡು ಕಿತ್ತಳೆ ಬಣ್ಣದ ಚಿಟ್ಟೆಯಾಗುತ್ತದೆ. ಹಕ್ಕಿಗಳು ಅದನ್ನು ಮುಟ್ಟಲು ಹಿಂಜರಿಯುತ್ತವೆ. ತೋಟದಲ್ಲಿ ನೀವು ಅದನ್ನು ನೋಡಿರುತ್ತೀರಿ. ಹೊಳೆಯ ಅಳಿವೆ, ಹಿನ್ನೀರಿನ ದಂಡೆಯಲ್ಲಿ ಬೆಳೆಯುವ ಒದಳಂ ಮರದ ಕಾಯಿ ನೋಡಲು ಮಾವಿನಕಾಯಿ. ಅದೂ ಇದೇ ಪಂಗಡ. ಮಕ್ಕಳಿಗೆ ಮರ ತೋರಿಸಿ ಹೇಳಿಕೊಡಿ. ಅಡವಿ ಈರುಳ್ಳಿಯೂ ಹಾಗೇ.

ನನಗೆ ಜಾಸ್ತಿ ಚಿಂತೆ ಕಾಡುಬಸಳೆಯದ್ದು. ಎಲೆಯ ಅಂಚಿನಲ್ಲಿ ಮರಿಗಿಡ ಹುಟ್ಟುತ್ತದಲ್ಲ, ಅದು. ಮೂತ್ರದ ಕಲ್ಲಿಗೆ ಅಂತ ದಿನಾ ಬೆಳಿಗ್ಗೆ ಎಲೆ ತಿನ್ನುವವರು ನಮ್ಮಲ್ಲಿ ಮನೆಮನೆಗೆ ಇದ್ದಾರೆ. ಅದರಲ್ಲಿ ಇರುವ ಬುಫಾಡಿಯೆನೊಲೈಡ್ ಅನ್ನುವ ಪದಾರ್ಥವೂ ಅದೇ ಪಂಪನ್ನು ಹಿಡಿಯುತ್ತದೆ. ಹೆಚ್ಚು ಮೇದ ದನಗಳು ಸತ್ತದ್ದು ದಾಖಲಾಗಿದೆ. ಗಟ್ಟಿ ಹೃದಯದವರಿಗೆ ಒಂದೆರಡು ಎಲೆಯಿಂದ ಏನೂ ಆಗದಿರಬಹುದು. ಡಿಜಾಕ್ಸಿನ್ ತೆಗೆದುಕೊಳ್ಳುವವರಿಗೆ ಮಾತ್ರ ಅದು ಬೇಡ.

ಇನ್ನು ಕೆಲವು ಗಿಡಗಳು ಪಂಪನ್ನು ಮುಟ್ಟುವುದಿಲ್ಲ, ಆದರೆ ಪೊಟ್ಯಾಸಿಯಂ ಇಳಿಸುತ್ತವೆ. ಪೊಟ್ಯಾಸಿಯಂ ಇಳಿದಷ್ಟೂ ಡಿಜಾಕ್ಸಿನ್ ಹೆಚ್ಚು ಬಲವಾಗಿ ಹಿಡಿಯುತ್ತದೆ. ಕೆಮ್ಮಿಗೆ ಅಂತ ವಾರಗಟ್ಟಲೆ ಜೇಷ್ಠಮಧು ಅಗಿಯುವುದು, ಮಲಬದ್ಧತೆಗೆ ದಿನಾ ಸೋನಾಮುಖಿ ಕುಡಿಯುವುದು ಈ ಸಾಲಿಗೆ ಬರುತ್ತವೆ. ಮೂತ್ರ ಹೋಗುವ ಮಾತ್ರೆಯೂ ಪೊಟ್ಯಾಸಿಯಂ ಇಳಿಸುವಂಥದ್ದೇ. ಮಳೆಗಾಲದಲ್ಲಿ ಎರಡು ದಿನ ವಾಂತಿಭೇದಿ ಆದರೂ ಸಾಕು, ಕಿಡ್ನಿಯ ಕೆಲಸ ಕುಗ್ಗಿ ಮದ್ದು ಮೈಯಲ್ಲಿ ನಿಲ್ಲುತ್ತದೆ. ಹಾಗಾದರೆ ದಿನಕ್ಕೆ ನಾಲ್ಕು ಬೊಂಡ ಕುಡಿಸುತ್ತೇನೆ ಅನ್ನಬೇಡಿ. ಬೊಂಡದ ನೀರಿನಲ್ಲಿ ಪೊಟ್ಯಾಸಿಯಂ ಧಾರಾಳ ಇದೆ, ಸರಿ. ಆದರೆ ಕಿಡ್ನಿ ಸ್ವಲ್ಪ ಸೋತಿದ್ದರೆ, ಅಥವಾ ಮಾತ್ರೆಯ ಪಟ್ಟಿಯಲ್ಲಿ ಪೊಟ್ಯಾಸಿಯಂ ಹಿಡಿದಿಡುವ ಸ್ಪೈರೊನೊಲ್ಯಾಕ್ಟೋನ್ ಇದ್ದರೆ, ಅದು ಏರಿ ಇನ್ನೊಂದು ಅಪಾಯ. ರಕ್ತದ ರಿಪೋರ್ಟು ನೋಡಿಯೇ ಹೇಳಬೇಕಾದ ಮಾತು ಅದು. ಇಂಗ್ಲಿಷ್ ಮದ್ದಿನಲ್ಲೂ ಡಿಜಾಕ್ಸಿನ್ ಏರಿಸುವಂಥವು ಇವೆ: ಹೃದಯಕ್ಕೇ ಕೊಡುವ ಅಮಿಯೊಡರೋನ್, ವೆರಪಮಿಲ್, ಮತ್ತೆ ಕ್ಲಾರಿಥ್ರೊಮೈಸಿನ್ ಅನ್ನುವ ಆಂಟಿಬಯೋಟಿಕ್. ಜ್ವರಕ್ಕೆ ಬೇರೆ ಡಾಕ್ಟ್ರ ಹತ್ತಿರ ಹೋದಾಗ ಮಾತ್ರೆಯ ಚೀಟಿ ಕೈಯಲ್ಲಿರಲಿ.

ನೀರುಮತ್ತಿ ಕೇಳಿದ್ದೀರಿ. ಅರ್ಜುನ, ಮಲಯಾಳದ ನೀರ್‌ಮರುತು, ಎಲ್ಲ ಒಂದೇ. ಹಾಲಿನಲ್ಲಿ ತೊಗಟೆ ಕುದಿಸಿ ಕೊಡುವುದು ಹಳೆಯ ಕ್ರಮ. ಇದು ಕಣಗಿಲೆಯ ಜಾತಿಯ ಮದ್ದಲ್ಲ. ತೊಗಟೆಯಲ್ಲಿ ಮುಖ್ಯವಾಗಿ ಇರುವುದು ಒಗರು ಟ್ಯಾನಿನ್ ಮತ್ತು ಅರ್ಜುನೋಲಿಕ್ ಆಮ್ಲದಂಥ ಪದಾರ್ಥಗಳು. ಇದರ ಮೇಲೆ ಆದ ಪ್ರಯೋಗಗಳು ಚಿಕ್ಕವು. ಸ್ವಲ್ಪ ಸಹಾಯ ಕಂಡದ್ದೂ ಇದೆ. ಆದರೆ ಡಿಜಾಕ್ಸಿನ್ ಬಿಟ್ಟು ಇದನ್ನು ಹಿಡಿಯಿರಿ ಅನ್ನುವಷ್ಟು ಆಧಾರ ಇಲ್ಲ. ಮಾವನವರು ರಕ್ತ ತೆಳುವಾಗುವ ಮಾತ್ರೆಯಲ್ಲಿ ಇರುವುದರಿಂದ ನನ್ನ ಅಭಿಪ್ರಾಯ, ಈಗ ಬೇಡ. ಮುಂದೆ ಅವರಿಗೆ ಬೇಕೇ ಬೇಕು ಅನ್ನಿಸಿದರೆ ಓದಿದ ಆಯುರ್ವೇದ ವೈದ್ಯರನ್ನು ಕೇಳಲಿ, ಹೃದಯದ ಡಾಕ್ಟ್ರಿಗೂ ತಿಳಿಸಲಿ.

ಪೊಟ್ಟಣದಲ್ಲಿ ಬರುವ ಪುಡಿಗಳ ಬಗ್ಗೆಯೂ ಹುಷಾರು. 1997ರಲ್ಲಿ ಅಮೆರಿಕದಲ್ಲಿ ಹೊಟ್ಟೆ ಶುದ್ಧಿಯ ಪುಡಿಯೊಂದರಲ್ಲಿ ಬೇರೆ ಎಲೆ ಅಂತ ಡಿಜಿಟಾಲಿಸ್ ಎಲೆಯೇ ಸೇರಿಕೊಂಡಿತ್ತು. ಈಚೆಗೆ 2023ರಲ್ಲಿ ಅಲ್ಲಿಯೇ ತೂಕ ಇಳಿಸುವ ಬೇರು ಅಂತ ಮಾರುತ್ತಿದ್ದದ್ದನ್ನು ಪರೀಕ್ಷೆ ಮಾಡಿದಾಗ ಹಳದಿ ಕಣಗಿಲೆ ಸಿಕ್ಕಿತು. ಅಷ್ಟು ಕಟ್ಟುನಿಟ್ಟಿನ ದೇಶದ ಕತೆ ಇದು. ಲೇಬಲ್ ಇಲ್ಲದ ಪುಡಿಯನ್ನು ನಮ್ಮ ಪೇಟೆಯಲ್ಲಿ ಯಾರು ನೋಡುತ್ತಾರೆ?

ಇಷ್ಟೆಲ್ಲ ಅಪಾಯ ಇದ್ದರೆ ಡಿಜಾಕ್ಸಿನ್ ಯಾಕೆ ಕೊಡುತ್ತಾರೆ ಅಂತ ನಿಮಗೂ ಅನ್ನಿಸಿರಬೇಕು. ನ್ಯಾಯವಾದ ಪ್ರಶ್ನೆ. 1997ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಹೃದಯ ದುರ್ಬಲ ಇರುವ 6800 ಜನರನ್ನು ನೋಡಿದರು. ಡಿಜಾಕ್ಸಿನ್‌ನಿಂದ ಸಾವು ಕಡಿಮೆ ಆಗಲಿಲ್ಲ, ಹೆಚ್ಚೂ ಆಗಲಿಲ್ಲ. ಆಸ್ಪತ್ರೆಗೆ ಸೇರುವ ಸಂದರ್ಭ ಕಡಿಮೆ ಆಯಿತು. ಅದಕ್ಕೇ ಈಗ ಎಲ್ಲರಿಗೂ ಕೊಡುವುದಿಲ್ಲ. ಬೇರೆ ಮದ್ದುಗಳಿಂದ ವೇಗ ಹತೋಟಿಗೆ ಬರದಿದ್ದರೆ, ರಕ್ತದೊತ್ತಡ ಕಡಿಮೆ ಇದ್ದು ಬೇರೆಯವು ಒಗ್ಗದಿದ್ದರೆ, ಸಣ್ಣ ಪ್ರಮಾಣದಲ್ಲಿ ಕೊಡುತ್ತೇವೆ.

ಯಾರಾದರೂ ಈ ಗಿಡಗಳನ್ನು ತಿಂದಿದ್ದರೆ ಏನು ಮಾಡಬೇಕು ಅನ್ನುವುದನ್ನೂ ಇಲ್ಲಿಯೇ ಹೇಳುತ್ತೇನೆ. ಉಪ್ಪುನೀರು, ಹುಣಸೆ ನೀರು ಕುಡಿಸಿ ವಾಂತಿ ಮಾಡಿಸಬೇಡಿ. ವಾಂತಿಯ ಒತ್ತಡಕ್ಕೆ ನಿಧಾನ ಬಡಿತ ಇನ್ನೂ ಕುಸಿಯಬಹುದು. 108ಕ್ಕೆ ಫೋನ್ ಮಾಡಿ. ಮಂಗಳೂರಿಗೇ ಹೋಗಬೇಕು ಅಂತ ಹಟ ಬೇಡ, ಹತ್ತಿರ ಇಸಿಜಿ ಇರುವ ಆಸ್ಪತ್ರೆ ಯಾವುದೋ ಅಲ್ಲಿಗೆ ಮೊದಲು. ಈಗ ಆರಾಮ ಇದ್ದಾರೆ ಅಂತ ಮನೆಯಲ್ಲಿ ಕೂರಿಸಬೇಡಿ. ಹೃದಯದ ತೊಂದರೆ ತಡವಾಗಿ ಬರುವುದುಂಟು. ಅದಕ್ಕೇ ಕಡಿಮೆ ಅಂದರೂ ಒಂದು ದಿನ ಮಾನಿಟರ್ ಹಾಕಿ ನೋಡುತ್ತಾರೆ. ಬೇಗ ಬಂದರೆ ವಿಷ ಹೀರಿಕೊಳ್ಳುವ ಇದ್ದಿಲಿನ ಪುಡಿ ಕುಡಿಸುತ್ತಾರೆ, ಬಡಿತ ಇಳಿದರೆ ಅಟ್ರೊಪಿನ್ ಕೊಡುತ್ತಾರೆ, ಸಾಲದಿದ್ದರೆ ತಾತ್ಕಾಲಿಕ ಪೇಸ್‌ಮೇಕರ್ ಹಾಕುತ್ತಾರೆ. ಡಿಜಾಕ್ಸಿನ್‌ಗೆ ಪ್ರತಿವಿಷ ಇದೆ. ಹಳದಿ ಕಣಗಿಲೆಯ ವಿಷಕ್ಕೂ ಅದು ನಾಟುತ್ತದೆ ಅಂತ ಶ್ರೀಲಂಕಾದ ವೈದ್ಯರು 2000ದಲ್ಲಿ ತೋರಿಸಿದರು. ಬೆಲೆ ವಿಪರೀತ, ನಮ್ಮ ಕಡೆ ಸಿಗುವುದೇ ಕಷ್ಟ. ಡಯಾಲಿಸಿಸ್ ಮಾಡಿದರೆ ಈ ವಿಷ ಹೋಗುವುದಿಲ್ಲ. ತಿಂದವರು ಬೇಕೆಂದೇ ತಿಂದಿದ್ದರೆ ಅವರನ್ನು ಬೈಯುತ್ತಾ ಕೂರಬೇಡಿ, ಒಬ್ಬರನ್ನೇ ಬಿಡಬೇಡಿ. ಆಸ್ಪತ್ರೆಯ ಕೆಲಸ ಮುಗಿದ ಮೇಲೆ ಮನಸ್ಸಿನ ಭಾರಕ್ಕೂ ಚಿಕಿತ್ಸೆ ಬೇಕು. ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿಗೂ ಫೋನ್ ಮಾಡಬಹುದು, ಹಣ ಇಲ್ಲ.

ಗಿಡ ಕಡಿಸಬೇಕಾ ಅಂದಿರಿ. ಬೇಡ. ಹೂವಿಗೆ ಇರಲಿ. ಸವರುವಾಗ ಕೈಗೆ ಗ್ಲೌಸ್ ಇರಲಿ. ಕಡಿದ ಗೆಲ್ಲುಗಳನ್ನು ಹಟ್ಟಿಯ ಹತ್ತಿರ ರಾಶಿ ಹಾಕಬೇಡಿ, ಬೈಹುಲ್ಲಿನ ಜೊತೆ ಬಾಡಿದ ಎಲೆ ಸೇರಿದರೆ ದನ ಗೊತ್ತಾಗದೆ ತಿಂದು ಸಾಯುತ್ತದೆ. ಬಚ್ಚಲ ಒಲೆಗೂ ಹಾಕಬೇಡಿ, ಆ ಹೊಗೆ ಒಳ್ಳೆಯದಲ್ಲ. ಗುಂಡಿ ತೋಡಿ ಹೂಳಿ.

ಇನ್ನು ಮಾವನವರ ಮುಂದಿನ ವಿಷಯ. ಡಿಜಾಕ್ಸಿನ್ ಮತ್ತೆ ಶುರು ಮಾಡಬೇಕೋ ಬೇಡವೋ ಅಂತ ಅವರ ಡಾಕ್ಟ್ರೇ ತೀರ್ಮಾನ ಮಾಡಬೇಕು. ಅವರು ಹೇಳುವ ತನಕ ನೀವಾಗಿ ಶುರು ಮಾಡಬೇಡಿ. ಉಳಿದ ಮಾತ್ರೆಗಳನ್ನು ನೀವಾಗಿ ನಿಲ್ಲಿಸಲೂ ಬೇಡಿ. ಭೇಟಿಗೆ ಹೋಗುವ ಮೊದಲು ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತೋರಿಸುವ ರಕ್ತಪರೀಕ್ಷೆ), ಪೊಟ್ಯಾಸಿಯಂ ಮಾಡಿಸಿ ರಿಪೋರ್ಟು ಒಯ್ಯಿರಿ. ಡಿಜಾಕ್ಸಿನ್ ಮಟ್ಟ ನೋಡಲು ಹೇಳಿದರೆ, ಮಾತ್ರೆ ನುಂಗಿ ಕಡಿಮೆ ಅಂದರೂ ಆರು ಗಂಟೆ ಕಳೆದ ಮೇಲೆಯೇ ರಕ್ತ ಕೊಡಬೇಕು, ಇಲ್ಲದಿದ್ದರೆ ಅಂಕಿ ಸುಮ್ನೆ ಹೆಚ್ಚು ತೋರಿಸುತ್ತದೆ. ನಾಡಿ ನೋಡುವುದನ್ನು ನೀವೂ ಕಲಿಯಿರಿ. ಬೆಳಿಗ್ಗೆ ಎದ್ದು ಐದು ನಿಮಿಷ ಕೂತ ಮೇಲೆ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು, ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಲೆಕ್ಕ ಮಾವನವರ ಏರುಪೇರಿನ ನಾಡಿಗೆ ಆಗುವುದಿಲ್ಲ. ಸಂಖ್ಯೆಯ ಪಕ್ಕದಲ್ಲಿ ಸಮ ಇತ್ತೋ ತಪ್ಪಿ ಬಡಿಯಿತೋ ಅಂತಲೂ ಬರೆದಿಡಿ.